ಮಣಲೇರ ಇನ್ನೊಂದು ನಾಯಿ ಸಾಕಿದನೇ?

ನಾಯಿ ಸತ್ತ ಮನೆಗೆ ಬಂದವರು ಎರಡು ಮಾತುಗಳಲ್ಲಿ ಒಂದನ್ನು ಆಡಿ ಹೋಗುತ್ತಾರೆ. ‘ಬೇಗ ಇನ್ನೊಂದು ತಂದ್ಬಿಡಿ, ಮರೆತುಹೋಗುತ್ತೆ’ ಎನ್ನುವುದು ಒಂದು. ‘ಇನ್ನು ಸಾಕೋಕೆ ಹೋಗ್ಬೇಡಿ, ಈ ಸಂಕಟ ಯಾರಿಗೆ ಬೇಕು’ ಎನ್ನುವುದು ಇನ್ನೊಂದು. ನಮ್ಮ ನಾಯಿ ಕೆಂಚ ತೀರಿಕೊಂಡ ವಾರ ಮೈಸೂರಿನ ಮನೆಯಲ್ಲಿ ಎರಡನ್ನೂ ಕೇಳಿದೆ. ಹೇಳಿದವರೆಲ್ಲ ಅಮ್ಮನ ಮೇಲಿನ ಅಕ್ಕರೆಯಿಂದಲೇ ಹೇಳಿದರು. ಎರಡೂ ದುಃಖವನ್ನು ಮುಗಿಸುವ ಉಪಾಯಗಳು. ಅದು ಮುಗಿಯುವುದು ಅಮ್ಮನಿಗೆ ಬೇಕಿತ್ತೇ ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಸೇರಿ.

ಉಳುವ ಎತ್ತು ಸತ್ತರೆ ರೈತ ಸಾಲ ಮಾಡಿಯಾದರೂ ಇನ್ನೊಂದನ್ನು ತರಬೇಕು. ಜೋಡಿ ಮುರಿದರೆ ನೇಗಿಲು ಹೂಡುವಂತಿಲ್ಲ. ಅಲ್ಲಿ ಅಳುವುದಕ್ಕೂ ಕೊಳ್ಳುವುದಕ್ಕೂ ಜಗಳವಿಲ್ಲ. ಕೆಂಚ ಯಾವ ಕೆಲಸಕ್ಕೂ ಇದ್ದವನಲ್ಲ. ಬೆಳಿಗ್ಗೆ ಅಮ್ಮ ರಂಗೋಲಿ ಹಾಕುವಾಗ ಮೆಟ್ಟಿಲ ಮೇಲೆ ಕೂರುತ್ತಿದ್ದ, ರಾತ್ರಿ ಅವಳ ಮಂಚದ ಕೆಳಗೆ ಮಲಗುತ್ತಿದ್ದ. ಹೀಗೆ ಸುಮ್ಮನೆ ಇದ್ದವನು ಇಲ್ಲವಾದಾಗ, ಬಿಟ್ಟುಹೋದ ಜಾಗಕ್ಕೆ ಏನೆಂದು ಹೇಳಿ ಇನ್ನೊಬ್ಬರನ್ನು ಕರೆಯುವುದು?

*

ಅವನನ್ನು ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ಮಣ್ಣು ಮಾಡಿ ಬಂದು ಅಮ್ಮ ತಲೆಗೆ ಸ್ನಾನ ಮಾಡಿದಳು. ಅಷ್ಟಕ್ಕೇ ಮುಗಿಯಿತು. ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ವೈಕುಂಠ ಸಮಾರಾಧನೆಯಿಲ್ಲ. ಅಜ್ಜ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಹಬ್ಬ ಮಾಡಲಿಲ್ಲ. ವರ್ಷಾಬ್ದಿಕ ಕಳೆದ ಮೇಲೆ ಬಂದ ಯುಗಾದಿಗೆ ಅಜ್ಜಿಯೇ ಮುಂದೆ ನಿಂತು ಒಬ್ಬಟ್ಟು ಮಾಡಿಸಿದಾಗ, ಇಷ್ಟು ಬೇಗ ಮರೆತರೇ ಎಂದು ಯಾರೂ ಕೇಳಲಿಲ್ಲ. ಶಾಸ್ತ್ರ ಅಳುವುದಕ್ಕೆ ದಿನ ಗೊತ್ತುಮಾಡುತ್ತದೆ ಎಂದಷ್ಟೇ ತಿಳಿದಿದ್ದೆ. ಅಳು ನಿಲ್ಲಿಸಿದವರ ಬೆನ್ನಿಗೂ ಅದು ನಿಲ್ಲುತ್ತದೆ ಎಂದು ಈಗ ಕಾಣುತ್ತಿದೆ. ನಾಯಿಗಾಗಿ ಅತ್ತವರಿಗೆ ಆ ಬೆಂಬಲವಿಲ್ಲ. ಎಷ್ಟು ದಿನ ಅತ್ತರೆ ಹೆಚ್ಚು, ಎಷ್ಟು ದಿನಕ್ಕೆ ಇನ್ನೊಂದನ್ನು ತಂದರೆ ಬೇಗ, ಪಂಚಾಂಗದಲ್ಲಿ ಬರೆದಿಲ್ಲ.

ಅಮೆರಿಕದ ಕೆನೆತ್ ಡೋಕಾ ಇಂಥ ದುಃಖಗಳ ಬಗ್ಗೆ 1989ರಲ್ಲಿ ಒಂದು ಪುಸ್ತಕ ಸಂಪಾದಿಸಿದರು. ಸುತ್ತಲಿನವರು ಲೆಕ್ಕಕ್ಕೆ ತೆಗೆದುಕೊಳ್ಳದ, ಎಲ್ಲರೆದುರು ಹೇಳಿಕೊಳ್ಳಲು ಆಗದ ದುಃಖಗಳು. ಸಾಕಿದ ಪ್ರಾಣಿಯ ಸಾವೂ ಆ ಸಾಲಿಗೆ ಸೇರುತ್ತದೆ. ಅಮ್ಮ ಇದನ್ನು ಓದಿದವಳಲ್ಲ. ಆದರೆ ಮಗ್ಗುಲ ಮನೆಯ ಅಜ್ಜಿ ಬಂದಾಗ ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು.

*

ಈ ದಿನಗಳಲ್ಲಿ ನನ್ನ ತಲೆಯಲ್ಲಿ ಕೂತದ್ದು ಆತಕೂರಿನ ಕಲ್ಲು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸ ಓದುವವರಿಗೆ ಇದು ತಕ್ಕೋಲದ ಯುದ್ಧದ ಸಾಕ್ಷಿ. 949ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದ; ಗಂಗರ ಇಮ್ಮಡಿ ಬೂತುಗ ಅವನ ಕಡೆ ನಿಂತು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಬೂತುಗನ ಆಳು ಮಣಲೇರನೂ ಪರಾಕ್ರಮ ತೋರಿಸಿದ. ಮೆಚ್ಚಿದ ದೊರೆ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಅರಸನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು.

ಆಮೇಲೆ ಬೆಳತೂರಿನ ಗುಡ್ಡದ ಹತ್ತಿರ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ. ನಾಯಿ ಹಂದಿಯ ಮೇಲೆ ಬಿದ್ದ ಆ ಗಳಿಗೆಯನ್ನೇ ಅದರ ಮೇಲೆ ಕೆತ್ತಿಸಿದ. ಪೂಜೆಗೆಂದು ಕೆರೆಯ ಕೆಳಗಿನ ಭೂಮಿ ಬಿಟ್ಟ. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದು ಬರೆಸಿದ.

ವೀರನಿಗೆ ನಿಲ್ಲಿಸುವಂಥ ಕಲ್ಲು, ಭೂಮಿ, ಪೂಜೆ, ಶಾಪ. ಅಮ್ಮನಿಗೆ ಸಿಗದ ಶಾಸ್ತ್ರವನ್ನು ಮಣಲೇರ ತಾನೇ ಮಾಡಿಕೊಂಡ. ಈಗ ನನ್ನ ತಕರಾರು ಒಂದೇ. ಶಾಸನ ಅಲ್ಲಿಗೆ ನಿಲ್ಲುತ್ತದೆ. ಅವನು ಬೇಟೆಗಾರ, ಬೇಟೆಗಾರನ ಮನೆಯಲ್ಲಿ ನಾಯಿ ಇಲ್ಲದೆ ಇರಲಾರದು. ಕಾಳಿಯ ನಂತರ ಬಂದದ್ದು ಯಾವುದು? ಅದನ್ನು ಅವನು ಏನೆಂದು ಕರೆದ? ಕಲ್ಲಿಗೆ ಪೂಜೆ ನಡೆಯುವಾಗ ಆ ಎರಡನೆಯ ನಾಯಿಯೂ ಪಕ್ಕದಲ್ಲಿ ನಿಂತಿತ್ತೇ? ಕಲ್ಲು ಸತ್ತವರಿಗೆ. ಆಮೇಲೆ ಬಂದವರು ಶಾಸನದಲ್ಲಿ ಬರುವುದಿಲ್ಲ.

*

ಇನ್ನೂ ಹಳೆಯದೊಂದು. ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬಳು ಹೆಂಗಸು, ಒಂದು ನಾಯಿ. ಸುಮಾರು 14,000 ವರ್ಷ ಹಿಂದಿನದು. ನಾಯಿಗೆ ಆಗ ಏಳು ತಿಂಗಳ ಆಸುಪಾಸು. ಅದರ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದವರು 2018ರಲ್ಲಿ ಬರೆದದ್ದು: ಮರಿಯಾಗಿದ್ದಾಗ ಅದಕ್ಕೆ ಡಿಸ್ಟೆಂಪರ್ ಬಂದಿರಬೇಕು, ಯಾರೋ ನೀರು ಕುಡಿಸಿ ಬೆಚ್ಚಗಿಟ್ಟು ನೋಡಿಕೊಳ್ಳದಿದ್ದರೆ ಅಷ್ಟು ವಾರ ಬದುಕುತ್ತಿರಲಿಲ್ಲ. ಕಾಯಿಲೆಯ ಮರಿಯಿಂದ ಆ ಕಾಲದವರಿಗೆ ಬೇಟೆಯಲ್ಲಿ ಏನೂ ಪ್ರಯೋಜನವಿರಲಿಲ್ಲ. ಆದರೂ ನೋಡಿಕೊಂಡರು.

ಕೆಂಚನ ಕೊನೆಯ ದಿನಗಳಲ್ಲಿ, ಕಿಡ್ನಿ ಕೈಕೊಟ್ಟ ಮೇಲೆ, ಅಮ್ಮ ಸಿರಿಂಜಿನಲ್ಲಿ ಗಂಜಿನೀರನ್ನು ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಡುತ್ತಿದ್ದುದನ್ನು ನೋಡಿದ ನನಗೆ ಆ ಸಮಾಧಿ ತೀರ ದೂರದ್ದೆನಿಸುವುದಿಲ್ಲ.

*

ಊರ ಹೊರಗಿನ ಆಶ್ರಯಧಾಮಕ್ಕೆ ಹೋಗೋಣ ಎಂದವಳು ಅಮ್ಮನೇ. ‘ಸುಮ್ನೆ ನೋಡ್ಕೊಂಡು, ಒಂದು ಮೂಟೆ ಅಕ್ಕಿ ಕೊಟ್ಟು ಬರೋಣ’ ಎಂದಳು.

ಒಳಗೆ ಕಾಲಿಟ್ಟೊಡನೆ ಕಿವಿ ತುಂಬುವಷ್ಟು ಬೊಗಳು. ಕೆಲವು ತಂತಿಬಲೆಗೆ ಮುಂಗಾಲು ಹಚ್ಚಿ ನಿಂತವು, ಕೆಲವು ತಲೆ ಎತ್ತಲಿಲ್ಲ. ಮೂರು ಕಾಲಿನವು, ಒಂದು ಕಣ್ಣಿನವು. ನಡುವೆ ಲ್ಯಾಬ್ರಡಾರ್, ಪಾಮೇರಿಯನ್‌ಗಳೂ ಇದ್ದವು. ದುಡ್ಡು ಕೊಟ್ಟು ತಂದು, ವಯಸ್ಸಾದ ಮೇಲೋ ಚರ್ಮರೋಗ ಬಂದ ಮೇಲೋ ಗೇಟಿನ ಮುಂದೆ ಕಟ್ಟಿಹೋದವು. 2022ರಲ್ಲಿ ‘777 ಚಾರ್ಲಿ’ ನೋಡಿ ಥಿಯೇಟರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತವರಲ್ಲಿ ನಾನೂ ಒಬ್ಬಳು. ಅಲ್ಲಿನ ಚಾರ್ಲಿಯೂ ಲ್ಯಾಬ್ರಡಾರೇ. ತಂತಿಬಲೆಯ ಹಿಂದೆ ಅದೇ ಜಾತಿಯ ಮುದಿ ನಾಯಿಯನ್ನು ನೋಡುವಾಗ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಮ್ಮನನ್ನು ಗಮನಿಸುತ್ತಿದ್ದೆ. ಅವಳು ನಾಯಿಗಳನ್ನು ನೋಡುತ್ತಿರಲಿಲ್ಲ, ಹುಡುಕುತ್ತಿದ್ದಳು. ಕೆಂಬಣ್ಣ ಕಂಡಲ್ಲೆಲ್ಲ ನಿಲ್ಲುತ್ತಿದ್ದಳು, ಮುಂಗಾಲಿನ ಬೆರಳು ಬೆಳ್ಳಗಿದೆಯೇ ಎಂದು ಬಗ್ಗುತ್ತಿದ್ದಳು. ಅಲ್ಲಿನ ಹುಡುಗಿಗೆ ಇದು ಹೊಸದಲ್ಲವೆಂದು ಕಾಣುತ್ತದೆ. ‘ಎಲ್ಲಾರೂ ಮೊದಲು ಹೋದೋರ ಮುಖಾನೇ ಹುಡುಕ್ತಾರೆ ಆಂಟಿ, ಒಂದು ಸುತ್ತು ಹಾಗೇ ಹೋಗ್ಲಿ, ಆಮೇಲೆ ಇನ್ನೊಂದು ಸುತ್ತು ಬನ್ನಿ’ ಎಂದಳು.

ಎರಡನೆಯ ಸುತ್ತಿನಲ್ಲಿ ಅಮ್ಮ ನಿಂತದ್ದು ಕಪ್ಪು ಬಿಳುಪಿನ ಒಂದು ಹೆಣ್ಣು ನಾಯಿಯ ಮುಂದೆ. ಅದು ಎದ್ದು ಬರಲೂ ಇಲ್ಲ, ಬೊಗಳಲೂ ಇಲ್ಲ. ಕೆಂಚನ ಹೋಲಿಕೆ ಒಂದಿಷ್ಟೂ ಇಲ್ಲ. ‘ಇವಳು ಯಾಕೆ ಹಿಂಗೆ ಕೂತಿದ್ದಾಳೆ?’ ಎಂದು ಕೇಳಿದಳು. ಅಲ್ಲಿಂದ ಮುಂದಕ್ಕೆ ಅವಳು ಹೆಜ್ಜೆ ಇಡಲಿಲ್ಲ. ಇದೇ ನಾಯಿ ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಪ್ರತಿಸಲ ಬೇರೆ ಉತ್ತರ ಕೊಟ್ಟಿದ್ದಾಳೆ.

*

ತಿಳಿದುಕೊಂಡದ್ದು: ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಎಂದರ್ಥ. ಬೀದಿಯಲ್ಲಿ ಹಿಡಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕೆಂದು 2001ರ ನಿಯಮ ಹೇಳುತ್ತಿತ್ತು, ಅದರ ಜಾಗಕ್ಕೆ ಬಂದ 2023ರ ನಿಯಮವೂ ಹೇಳುತ್ತದೆ. ಹಾಗೆ ಬಿಡಲಾಗದವು ಆಶ್ರಯಧಾಮದಲ್ಲಿ ಉಳಿಯುತ್ತವೆ: ಗಾಯಗೊಂಡವು, ಬೀದಿಯಲ್ಲಿ ಬದುಕಿ ಗೊತ್ತಿಲ್ಲದವು. ಮರಿಗಳನ್ನು ಜನ ಬೇಗ ಒಯ್ಯುತ್ತಾರಂತೆ. ಬೆಳೆದವು ಕಾಯುತ್ತವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿ ನಾಯಿಯನ್ನು ದತ್ತು ಪಡೆಯಬಯಸುವವರು ನಗರ ಸಂಸ್ಥೆಗೆ ಅರ್ಜಿ ಹಾಕಬಹುದು, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದಿದೆ. ಆ ಹೊಣೆಯ ಮಾತು ನನಗೆ ಬಹಳ ಸರಿಯೆನಿಸಿತು. ನಮ್ಮ ಅರ್ಜಿಯಲ್ಲೂ ಅದನ್ನೇ ಬೇರೆ ಬೇರೆ ರೀತಿ ಕೇಳಿದ್ದರು. ಸ್ವಂತ ಮನೆಯೋ ಬಾಡಿಗೆಯೋ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಸರಪಳಿಯಲ್ಲಿ ಕಟ್ಟುತ್ತೀರಾ.

‘ಹಿಂದೆ ನಾಯಿ ಸಾಕಿದ್ದಿರಾ, ಏನಾಯಿತು?’ ಎಂಬ ಸಾಲಿಗೆ ಬಂದಾಗ ಅಮ್ಮ ಪೆನ್ನನ್ನು ನನ್ನ ಕೈಗೆ ಕೊಟ್ಟಳು.

*

ಅಮ್ಮ ಗೌರಿ ಎಂದು ಹೆಸರಿಟ್ಟಳು. ಗೌರಿ ಬಂದ ಮೊದಲ ದಿನ ಹೊಲಿಗೆ ಮಿಷನ್ನಿನ ಕೆಳಗೆ ಸೇರಿಕೊಂಡಳು. ನಾವು ನೋಡುತ್ತಿದ್ದರೆ ತಿನ್ನುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲು ಖಾಲಿ. ಮೂರು ದಿನ ಹೆದರಿಕೆ, ಮೂರು ವಾರ ಹೊಂದಿಕೆ, ಮೂರು ತಿಂಗಳಿಗೆ ತನ್ನ ಮನೆಯೆಂಬ ನಂಬಿಕೆ ಎಂದು ಆಶ್ರಯಧಾಮದವರು ಲೆಕ್ಕ ಹೇಳಿ ಕಳಿಸಿದ್ದರು. ಗೌರಿ ಈ ಲೆಕ್ಕ ಪಾಲಿಸಲಿಲ್ಲ. ಕೆಲವು ವಿಷಯಗಳಲ್ಲಿ ಬೇಗ ಬಂದಳು, ಕೆಲವದರಲ್ಲಿ ಇನ್ನೂ ಬಂದಿಲ್ಲ.

ಬರೆದಿಟ್ಟುಕೊಂಡವು. ಪೊರಕೆ ಎತ್ತಿದರೆ ನಡುಗುತ್ತಾಳೆ. ದೀಪಾವಳಿಯ ಪಟಾಕಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೆಂಚ ಆ ದಿನಗಳಲ್ಲಿ ಬಚ್ಚಲುಮನೆ ಬಿಟ್ಟು ಹೊರಬರುತ್ತಿರಲಿಲ್ಲ. ಜೆಸಿಬಿ ಸದ್ದು ಕೇಳಿದರೆ ಗೇಟಿನ ಹತ್ತಿರ ಓಡಿಹೋಗಿ ಬಾಲ ಆಡಿಸುತ್ತಾಳೆ. ಮೊಸರನ್ನ ಮುಟ್ಟುವುದಿಲ್ಲ, ಒಣ ಚಪಾತಿಗೆ ಪ್ರಾಣ ಬಿಡುತ್ತಾಳೆ. ಹೆಂಗಸರಿಗಿಂತ ಗಂಡಸರನ್ನು ಬೇಗ ಹತ್ತಿರ ಬಿಟ್ಟುಕೊಳ್ಳುತ್ತಾಳೆ.

ಇವೆಲ್ಲ ಯಾವುದೋ ಕತೆಯ ಅಲ್ಲಲ್ಲಿ ಉಳಿದ ಸಾಲುಗಳು. ಕೆಂಚ ಕಣ್ಣು ಬಿಟ್ಟ ಹತ್ತಾರು ದಿನಕ್ಕೇ ನಮ್ಮ ಮನೆಗೆ ಬಂದವನು. ಅವನಿಗೆ ಇದ್ದ ಪ್ರತಿಯೊಂದು ಹೆದರಿಕೆ ಎಲ್ಲಿಂದ ಶುರುವಾಯಿತೆಂದು ಅಮ್ಮ ಹೇಳಬಲ್ಲಳು. ಗೌರಿಯ ಬಗ್ಗೆ ಡಾಕ್ಟರು ಹಲ್ಲು ನೋಡಿ, ಪುಸ್ತಕದಲ್ಲಿ ಹುಟ್ಟಿದ ದಿನದ ಜಾಗ ಖಾಲಿ ಬಿಟ್ಟು, ‘ಸುಮಾರು ಮೂರು ವರ್ಷ’ ಎಂದು ಬರೆದರು. ಎಲ್ಲವೂ ಗೊತ್ತಿದ್ದವನು ಇಲ್ಲ, ಏನೂ ಗೊತ್ತಿಲ್ಲದವಳು ಇದ್ದಾಳೆ. ಒಂದು ಜೀವವನ್ನು ಪ್ರೀತಿಸಲು ಅದರ ವಿಷಯ ಎಷ್ಟು ಗೊತ್ತಿರಬೇಕು? ಅಮ್ಮನನ್ನು ನೋಡಿದರೆ ಏನೂ ಬೇಕಿಲ್ಲವೆನಿಸುತ್ತದೆ. ಆದರೆ ಅವಳೇ ರಾತ್ರಿ ಗೌರಿಯ ಕಾಲಿನ ಹಳೆಯ ಗಾಯದ ಕಲೆಯನ್ನು ಬೆರಳಿಂದ ಸವರುತ್ತ ‘ಏನಾಗಿತ್ತೇ ನಿಂಗೆ?’ ಎಂದು ಕೇಳುತ್ತಾಳೆ.

*

ಕೆಂಚನ ಗೋಣಿಚೀಲದ ಹಾಸಿಗೆಯನ್ನು ಹೊಸ ನಾಯಿಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿದ್ದೆವು. ಹೋದದ್ದು ಪಾರ್ವೋದಿಂದಾಗಿದ್ದರೆ ಸುತರಾಂ ಬೇಡ ಎನ್ನುತ್ತಿದ್ದೆ ಎಂದರು. ಆ ವೈರಸ್ಸು ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಬೂನಿಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ಹಾಕಿ ತೊಳೆಯಬೇಕು, ಲಸಿಕೆ ಪೂರ್ತಿಯಾಗದ ಮರಿಯನ್ನಂತೂ ಆ ಮನೆಗೆ ತರಲೇಬಾರದು. ನಾಯಿ ಕಳೆದುಕೊಂಡು ಮರಿ ತರಲು ಹೊರಟವರಿಗೆಲ್ಲ ಇದು ತಿಳಿದಿರಬೇಕು. ಕಿಡ್ನಿ ಕಾಯಿಲೆ ಹಾಗಲ್ಲ, ಕೊಡಿ ಎಂದರು.

ಕೊಟ್ಟೆವು. ಗೌರಿ ಅದರ ಮೇಲೆ ಮಲಗಲಿಲ್ಲ. ಮೂಗು ಒತ್ತಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋದಳು, ಮತ್ತೆ ಹಿಂದಕ್ಕೆ ಬಂದಳು. ಆಮೇಲೆ ಪಕ್ಕದ ಬರಿ ನೆಲದಲ್ಲಿ ಕೂತಳು. ನಮಗೆ ಫೋಟೋದಲ್ಲಿ ಉಳಿದವನು ಅವಳಿಗೆ ಗೋಣಿಯಲ್ಲಿ ಉಳಿದಿದ್ದಾನೆ. ಅವನ ವಯಸ್ಸು, ಕಾಯಿಲೆ, ಗಂಡು ಎಂಬುದು ಅವಳಿಗೆ ಆ ವಾಸನೆಯಿಂದಲೇ ತಿಳಿದಿರಬಹುದು. ಕೆಂಚನ ಬಗ್ಗೆ ಗೌರಿಗೆ ತಿಳಿದಿರುವಷ್ಟು ಗೌರಿಯ ಬಗ್ಗೆ ನಮಗೆ ತಿಳಿದಿಲ್ಲ.

ಕೆಂಚನ ಕತ್ತಿನ ಪಟ್ಟಿಯನ್ನು ಅವಳು ತಕರಾರಿಲ್ಲದೆ ಒಪ್ಪಿದಳು. ಕತ್ತು ಸಣ್ಣದು, ಅಗ್ರಹಾರದ ಸರ್ಕಲ್ಲಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಇನ್ನೊಂದು ತೂತು ಹಾಕಿಸಿದೆ.

*

ಅಮ್ಮ ‘ಪರಿಸರದ ಕತೆ’ ತೆಗೆದು ಮತ್ತೆ ಓದುತ್ತಿದ್ದಾಳೆ. ತೇಜಸ್ವಿಯವರ ಸ್ಪ್ಯಾನಿಯಲ್ ‘ಕಿವಿ’ ಇಲ್ಲಿಯೂ ಇದೆ, ‘ಕರ್ವಾಲೊ’ದಲ್ಲಿಯೂ ಇದೆ. ‘ಕರ್ವಾಲೊ’ ಬಂದದ್ದು 1980ರಲ್ಲಿ. ನಾಯಿಯ ಆಯುಸ್ಸಿನ ಲೆಕ್ಕದಲ್ಲಿ ಎಷ್ಟೋ ತಲೆಮಾರು ಕಳೆದಿದೆ. ಪುಟ ತೆರೆದರೆ ಅದು ಇನ್ನೂ ಕಾಡಿನಲ್ಲಿ ಓಡುತ್ತಿರುತ್ತದೆ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅಮ್ಮ ಹೇಳಿದಳು, ‘ಕೆಂಚನ್ನ ಯಾರು ಬರೀತಾರೆ?’ ಅದಕ್ಕೇ ಈ ಟಿಪ್ಪಣಿಗಳಲ್ಲಿ ಅವನ ಬಿಳಿ ಬೆರಳನ್ನು ಸೇರಿಸಿದ್ದೇನೆ.

*

ಬಹಳ ದಿನ ಗೌರಿ ನಮ್ಮ ಕಣ್ಣಿಗೆ ಕಣ್ಣು ಕೊಡಲಿಲ್ಲ. ನಾಯಿಗಳ ನಡುವೆ ನೆಟ್ಟ ನೋಟ ಜಗಳಕ್ಕೆ ಕರೆದಂತೆ. ಬೀದಿ ಕಂಡ ನಾಯಿ ಮುಖ ತಿರುಗಿಸಿಯೇ ಬದುಕಿರುತ್ತದೆ. 2015ರಲ್ಲಿ ಜಪಾನಿನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ನಾಯಿ ಮತ್ತು ಸಾಕಿದವರು ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ; ತಾಯಿ ಮಗುವನ್ನು ಬೆಸೆಯುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ಒಂದು ಮಧ್ಯಾಹ್ನ ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ಗೌರಿ ಎದುರು ಕೂತು ನೆಟ್ಟಗೆ ನೋಡಿದಳು. ಅಮ್ಮನ ಕೈ ನಿಂತಿತು. ಬಹಳ ಹೊತ್ತು ಇಬ್ಬರೂ ಹಾಗೇ ಇದ್ದರು. ಆಮೇಲೆ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಕೆಂಚನಿಗಾಗಿಯೇ, ಗೌರಿಗಾಗಿಯೇ ಎಂದು ನಾನು ಕೇಳಲಿಲ್ಲ. ಅಳೆದರೆ ಹಾರ್ಮೋನಿನ ಪ್ರಮಾಣ ಸಿಗುತ್ತದೆ, ಯಾವ ನಾಯಿಯದೆಂದು ಅದು ಹೇಳಲಾರದು.

*

ಪಕ್ಕದವರು ಮಹಡಿ ಕಟ್ಟಿಸುತ್ತಿದ್ದಾರೆ. ಟೈಲ್ಸ್ ಹಾಕುವವರು ಬಿಹಾರದ ಕಡೆಯವರು. ಮೊನ್ನೆ ಮೇಸ್ತ್ರಿ ತನ್ನ ಹುಡುಗನಿಗೆ ಊಟಕ್ಕೆ ‘ಬೈಠ್, ಬೈಠ್’ ಎಂದು ಕೂಗಿದ. ಗೇಟಿನ ಹತ್ತಿರ ನಿಂತಿದ್ದ ಗೌರಿ ತಟಕ್ಕನೆ ಕೂತಳು.

ನಾನು ಹತ್ತಿರ ಹೋಗಿ, ಎಬ್ಬಿಸಿ, ಮೆಲ್ಲಗೆ ‘ಬೈಠ್’ ಎಂದೆ. ಕೂತಳು. ‘ಹಾಥ್ ದೇ’ ಎಂದೆ. ಬಲಗಾಲು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ನಮ್ಮ ಕನ್ನಡದ ‘ಕೂತ್ಕೋ’ಗೆ ಇಷ್ಟು ದಿನ ಬರೀ ಮುಖ ನೋಡುತ್ತಿದ್ದವಳು.

ಆಗ ಜೆಸಿಬಿ ನೆನಪಾಯಿತು, ಒಣ ಚಪಾತಿ ನೆನಪಾಯಿತು, ಗಂಡಸರನ್ನು ಹತ್ತಿರ ಬಿಟ್ಟುಕೊಳ್ಳುವುದು ನೆನಪಾಯಿತು. ಕಾಲಿಗೆ ಏಟಾಗಿದ್ದ ಅವಳು ಆಶ್ರಯಧಾಮದವರಿಗೆ ಸಿಕ್ಕಿದ್ದು ರಿಂಗ್ ರಸ್ತೆಯಾಚೆ ಅಪಾರ್ಟ್‌ಮೆಂಟು ಕಟ್ಟಿ ಮುಗಿದ ಜಾಗದಲ್ಲಿ. ಕಟ್ಟಡದ ಕೆಲಸದವರು ತಗಡಿನ ಶೆಡ್ಡುಗಳಲ್ಲಿ ಮರಿ ಸಾಕುವುದನ್ನು ನಾವೆಲ್ಲ ನೋಡಿದ್ದೇವೆ. ಕೆಲಸ ಮುಗಿದರೆ ಶೆಡ್ಡು ಕಿತ್ತು ಮುಂದಿನ ಊರಿಗೆ, ಇಲ್ಲವೇ ರೈಲು ಹತ್ತಿ ತಮ್ಮ ಊರಿಗೆ. ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕಾದರೆ ಮೊದಲ ದರ್ಜೆಯಲ್ಲಿ ಇಡೀ ಕೂಪೆ ಕಾಯ್ದಿರಿಸಬೇಕು. ಇಲ್ಲವೇ ಗಾರ್ಡಿನ ಬೋಗಿಯ ಪೆಟ್ಟಿಗೆಗೆ ದುಡ್ಡು ಕಟ್ಟಿ ಬುಕ್ ಮಾಡಿಸಬೇಕು. ಜನರಲ್ ಬೋಗಿಯಲ್ಲಿ ನಿಂತು ಹೋಗುವವರಿಗೆ ಇದರಲ್ಲಿ ಯಾವುದಾದೀತು?

ಆಶ್ರಯಧಾಮದ ಕಾಗದದಲ್ಲಿ ಅವಳ ಹೆಸರಿನ ಮುಂದೆ ‘ಬಿಟ್ಟುಹೋದದ್ದು’ ಎಂದಿದೆ. ಗೇಟಿಗೆ ಲ್ಯಾಬ್ರಡಾರ್ ಕಟ್ಟಿಹೋದವರಿಗೂ ಅದನ್ನೇ ಬರೆಯುತ್ತಾರೆ. ಆದರೆ ಕೈ ಕೊಡುವುದನ್ನು ಕಲಿಸಬೇಕಾದರೆ ದಿನಾ ಸಂಜೆ ಯಾರೋ ಅವಳೆದುರು ಕುಕ್ಕರುಗಾಲಲ್ಲಿ ಕೂತಿರಬೇಕು, ತನ್ನ ಚಪಾತಿಯಲ್ಲಿ ತುಂಡು ಮುರಿದು ಕೊಟ್ಟಿರಬೇಕು. ಅವನಿಗೂ ನಾಯಿ ಹೋಯಿತು. ನಮ್ಮಂತೆ ಮಣ್ಣು ಮಾಡಿ ಬರುವುದೂ ಆಗಲಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಎಲ್ಲೋ ಒಂದು ಶೆಡ್ಡಿನಲ್ಲಿ ಅವನಿಗೂ ಜೊತೆಯವರು ‘ಇನ್ನೊಂದು ತಂದ್ಕೋ’ ಎಂದಿರಬಹುದು. ಹೀಗಲ್ಲದೆಯೂ ಇರಬಹುದು, ಪೊರಕೆಗೆ ಅವಳು ನಡುಗುವುದಕ್ಕೂ ಯಾರೋ ಕಾರಣರಿರಬೇಕಲ್ಲ. ಆ ಕೈ ಈ ಕೈ ಒಂದೇ ಆಗಿತ್ತೇ?

ಅಮ್ಮನಿಗೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ತಾನೇ ‘ಬೈಠ್’ ಎಂದು ನೋಡಿದಳು. ಗೌರಿ ಕೂತು ಬಾಲ ಆಡಿಸಿದಳು.

‘ಅಮ್ಮಾ, ಅವನೇನಾದ್ರೂ ಹುಡುಕ್ಕೊಂಡು ಬಂದ್ರೆ?’

ಅಮ್ಮ ಉತ್ತರಕ್ಕೆ ತಡಮಾಡಲಿಲ್ಲ. ‘ಬಂದ್ರೆ ಒಳಗೆ ಕರೆದು ಕೂರಿಸ್ತೀನಿ. ಇವಳು ಮರಿಯಾಗಿದ್ದಾಗ ಹೆಂಗಿದ್ಲು, ಏನು ತಿಂತಿದ್ಲು, ಕಾಲಿಗೆ ಏನಾಯ್ತು, ಎಲ್ಲಾ ಕೇಳ್ತೀನಿ. ನಿಂಗೆ ಹಿಂದಿ ಬರುತ್ತಲ್ಲ, ನೀನು ಪಕ್ಕದಲ್ಲೇ ಇರು.’